ಅಂಬಿಗನ ಕೈಯೊಳಗಿನ ಜರಿ

ಇದು ನಡೆದದ್ದು ಹೊಳೆಗೆ ಸೇತುವೆ ಬರುವ ಮೊದಲು, ದೊಡ್ಡ ನೆರೆ ಇಳಿದ ಮೇಲಿನ ಚಳಿಗಾಲದಲ್ಲಿ.

ಆಗ ಊರಿನಲ್ಲಿ ಹಂದರದ ಮನೆ ಇತ್ತು. ಈಗ ಆ ಜಾಗದಲ್ಲಿ ಸೇತುವೆಯ ಕಂಬ ನಿಂತಿದೆ. ಆದರೂ ಹಳಬರು ಅಲ್ಲಿ ಹಾದುಹೋಗುವಾಗ ಒಂದು ಗಳಿಗೆ ನಿಂತು ಮೂಗು ಅರಳಿಸುತ್ತಾರೆ. ಬೆಂದ ರೇಷ್ಮೆಗೆ ಕಡಲಪಾಚಿ ಸೇರಿದ ವಾಸನೆ ಅಲ್ಲಿಂದ ಬರುತ್ತಿತ್ತು. ಒಳ್ಳೆಯ ವಾಸನೆ ಎಂದು ಯಾರೂ ಹೇಳಲಾರರು. ಆದರೆ ಅದು ಬಂತೆಂದರೆ ಯಾರಿಗೋ ಏನೋ ಮರಳಿ ಬೆಳೆಯುತ್ತಿದೆ ಎಂದು ಅರ್ಥ.

ಆ ಮನೆಯಲ್ಲಿ ಕಳೆದುಕೊಂಡ ಅಂಗವನ್ನು ಮತ್ತೆ ಬೆಳೆಸಿಕೊಡುತ್ತಿದ್ದರು. ಬೆರಳು, ಕಿವಿ, ಹಿಮ್ಮಡಿ, ಮೂಗಿನ ತುದಿ. ಕ್ರಮ ಹೀಗಿತ್ತು. ಅಂಗ ಕಳೆದುಕೊಂಡವನ ಮೈಯಿಂದಲೇ ಸಾಸಿವೆ ಕಾಳಿನಷ್ಟು ಮಾಂಸ ತೆಗೆದು ಬೆಚ್ಚಗಿನ ತಿಳಿಸಾರಿನಲ್ಲಿ ಇಡುತ್ತಿದ್ದರು. ಅದಕ್ಕೆ ಹೆಪ್ಪು ಎಂದು ಹೆಸರು. ಒಂದು ಚಮಚ ಮೊಸರು ಗಡಿಗೆ ಹಾಲನ್ನೆಲ್ಲ ಮೊಸರು ಮಾಡುವ ಹಾಗೆ ಆ ಕಾಳು ಸಾರನ್ನೆಲ್ಲ ಜೀವದ ಕಣಗಳಿಂದ ತುಂಬುತ್ತಿತ್ತು. ಆದರೆ ಹೆಪ್ಪಿಗೆ ಆಕಾರ ಗೊತ್ತಿಲ್ಲ. ಹಾಗೇ ಬಿಟ್ಟರೆ ಕೆನೆಯ ಹಾಗೆ ಹರಡಿಕೊಂಡು ಸುಮ್ಮನಾಗುತ್ತದೆ. ಬಳ್ಳಿಗೆ ಬೇಕಾದ ಹಾಗೆ ಅದಕ್ಕೂ ಹತ್ತಲು ಒಂದು ಹಂದರ ಬೇಕು.

ಹಂದರವನ್ನು ಉಟ್ಟು ಹಳತಾದ ರೇಷ್ಮೆಯಿಂದ ಮಾಡುತ್ತಿದ್ದರು. ಬಟ್ಟೆಯನ್ನು ಬೂದಿನೀರಿನಲ್ಲಿ ಬೇಯಿಸಿ, ಉಪ್ಪಿನಲ್ಲಿ ಕರಗಿಸಿ, ಕಡಲಪಾಚಿಯ ಗಂಜಿಗೆ ಬೆರೆಸಿ, ಹೆಪ್ಪು ಕಲಸಿ ಶ್ಯಾವಿಗೆ ಒರಳಿಗೆ ತುಂಬುತ್ತಿದ್ದರು. ಒರಳಿನ ಬಿಲ್ಲೆಯ ತೂತುಗಳು ಕೂದಲಿನಷ್ಟು ಸಣ್ಣ. ಒತ್ತಿದರೆ ಎಳೆ ಇಳಿದು ಸುಣ್ಣದ ತಿಳಿಯೊಳಗೆ ಬೀಳುತ್ತಿತ್ತು, ಬಿದ್ದಕೂಡಲೇ ಗಟ್ಟಿಯಾಗುತ್ತಿತ್ತು. ಉದ್ದಕ್ಕೊಂದು ಪದರ, ಅಡ್ಡಕ್ಕೊಂದು ಪದರ. ನಡುನಡುವೆ ಸಂದು ಬಿಡಬೇಕು. ಒತ್ತಾಗಿ ಹಾಕಿದರೆ ಒಳಗಿನ ಕಣಗಳಿಗೆ ಉಸಿರು ಸಿಗದೆ ನಟ್ಟನಡುವೆ ಕೊಳೆಯುತ್ತದೆ.

ಹಂದರವನ್ನು ಅಂಗ ಕಡಿದ ಜಾಗಕ್ಕೆ ಕಟ್ಟುತ್ತಿದ್ದರು. ಮಾಂಸ ಹಂದರ ಹತ್ತುತ್ತಿತ್ತು. ಮಾಂಸ ಹತ್ತಿದಂತೆ ಹಂದರ ಕರಗುತ್ತಿತ್ತು. ಮಾಂಸ ತಾನೇ ನಿಲ್ಲುವ ದಿನ ಹಂದರ ಪೂರ್ತಿ ಇಲ್ಲವಾಗಬೇಕು. ಮೊದಲೇ ಕರಗಿದರೆ ಅಂಗ ಕುಸಿಯುತ್ತದೆ. ಆಮೇಲೂ ಉಳಿದರೆ ಅಂಗ ಕಲ್ಲಾಗುತ್ತದೆ.

ಇದರ ಜೊತೆಗೆ ಆ ಊರಿಗೆ ಇನ್ನೊಂದು ನಿಯಮ ಇತ್ತು. ಹಂದರವಾದ ಬಟ್ಟೆ ಏನೇನು ಕಂಡಿತ್ತೋ ಅದೆಲ್ಲ, ಹಂದರ ಕರಗುವಾಗ, ಅಂಗ ಪಡೆದವರ ನೆನಪಿನಿಂದಲೂ ಕರಗುತ್ತಿತ್ತು. ಬೇರೆಯವರ ನೆನಪಿಗೆ ಏನೂ ಆಗುತ್ತಿರಲಿಲ್ಲ.

ಹುಷಾರು ಜನ ಏನೂ ಕಾಣದ ಬಟ್ಟೆ ಕೊಟ್ಟು ನೋಡಿದ್ದರು. ಜವಳಿ ಅಂಗಡಿಯವನು ಮಡಿಕೆ ಬಿಚ್ಚದ ಹೊಸ ಶಲ್ಯ ಕೊಟ್ಟು ಕಿವಿ ಮಾಡಿಸಿಕೊಂಡ. ಬಂದ ಕಿವಿ ವೀಳ್ಯದೆಲೆಯ ಹಾಗೆ ಜೋತಾಡಿತು. ಗಾಳಿ ಬೀಸಿದರೆ ಮಡಚಿಕೊಳ್ಳುತ್ತಿತ್ತು.

"ನನ್ನ ನೆನಪೆಲ್ಲ ಭದ್ರವಾಗಿದೆ ನೋಡಿ" ಎಂದು ಅವನು ಎದೆಯುಬ್ಬಿಸಿ ಹೇಳುತ್ತಿದ್ದ.

"ಹೌದು ಶೆಟ್ಟರೇ, ನಾವು ಹೇಳಿದ್ದು ಮಾತ್ರ ನಿಮ್ಮ ಕಿವಿಗೆ ಬೀಳಲ್ಲ" ಎಂದು ಜನ ನಗುತ್ತಿದ್ದರು.

ಹಾಗಾಗಿ ಎಲ್ಲರಿಗೂ ಗೊತ್ತಾಯಿತು. ಬಹಳ ಕಂಡ ಬಟ್ಟೆಯೇ ಬಲವಾದ ಹಂದರ.

ಆ ನೆರೆಯಲ್ಲಿ ಅಂಬಿಗನ ಬಲಗೈ ಹೋಯಿತು. ದೋಣಿಯ ಹಗ್ಗಕ್ಕೂ ದಡದ ಗೂಟಕ್ಕೂ ನಡುವೆ ಸಿಕ್ಕಿ ಮಣಿಕಟ್ಟಿನಿಂದ ಕತ್ತರಿಸಿಹೋಯಿತು. ಅವನಿಗೆ ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು. ಮಗಳು ಹಂದರದ ಮನೆಯಲ್ಲಿ ಒರಳು ಒತ್ತುವವಳು. ಆ ಮನೆಯ ಯಜಮಾನಿ ಹಂದರದಜ್ಜಿ. ಅವಳ ಕಣ್ಣು ಮಂಜಾದ ಮೇಲೆ ಒರಳಿನ ಕೆಲಸವೆಲ್ಲ ಈ ಹುಡುಗಿಯದೇ ಆಗಿತ್ತು.

ಅಂಬಿಗನ ಮನೆಯಲ್ಲಿ ಇದ್ದದ್ದು ಒಂದೇ ರೇಷ್ಮೆ. ಹೆಂಡತಿಯ ಹಸಿರು ಸೀರೆ, ಜರಿ ಅಂಚಿನದು. ಸಾಯುವಾಗ ಅವಳು, "ಇದನ್ನ ನನ್ನ ಜೊತೆ ಸುಡಬೇಡಿ" ಎಂದಿದ್ದಳು. ಒಂದೇ ರೇಷ್ಮೆ ಇದ್ದವರು ಒಳ್ಳೆಯ ದಿನಗಳಿಗೆಲ್ಲ ಅದನ್ನೇ ಉಡುತ್ತಾರೆ. ಹಾಗಾಗಿ ಆ ಸೀರೆ ಅವರಿಬ್ಬರ ಒಳ್ಳೆಯ ದಿನಗಳನ್ನೆಲ್ಲ ಕಂಡಿತ್ತು, ಕೆಟ್ಟ ದಿನಗಳಲ್ಲಿ ಒಂದನ್ನೂ ಕಂಡಿರಲಿಲ್ಲ.

"ನನಗೆ ಒಂದು ಕೈ ಸಾಕು" ಎಂದ ಅಂಬಿಗ.

ಒಂದು ಕೈಯಲ್ಲಿ ಹುಟ್ಟು ಹಾಕಿದ. ದೋಣಿ ಹೊಳೆಯ ನಡುವೆ ಗುಂಡಗೆ ತಿರುಗಿತು. ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಹೊರಟ ದಡಕ್ಕೇ ಬಂತು. ಬೇರೆಯವರು ದೋಣಿ ನಡೆಸಲಾರರು. ಆ ಹೊಳೆಯ ಸುಳಿಗಳು ಎಲ್ಲಿವೆ ಎಂದು ಅವನೊಬ್ಬನಿಗೇ ಗೊತ್ತಿತ್ತು. ಜನ ಮೊದಲು ನಕ್ಕರು. ಆಮೇಲೆ ನಗಲಿಲ್ಲ.

ಒಂದು ಬೆಳಿಗ್ಗೆ ಈಚೆ ದಡದಲ್ಲಿ ಒಬ್ಬಳಿಗೆ ಹೆರಿಗೆ ನೋವು ಬಂತು. ಸೂಲಗಿತ್ತಿ ಆಚೆ ದಡದಲ್ಲಿದ್ದಳು. ಅವಳು ಅಲ್ಲಿಂದಲೇ ಕೂಗಿ ಕೂಗಿ ಹೇಳಿದಳು.

"ಮಗ್ಗುಲಿಗೆ ಮಲಗಿಸ್ರೋ! ಬೆನ್ನು ನೀವ್ರೋ! ಆ ಅಂಬಿಗ ಎಲ್ಲಿದಾನೆ, ಅವನ ದೋಣಿಗೆ ಬೆಂಕಿ ಬೀಳ!"

ದಡದಲ್ಲಿ ನಿಂತವನು ಅದನ್ನು ಬೀದಿಯವನಿಗೆ ಕೂಗಿದ. ಬೀದಿಯವನು ಬಾಗಿಲಲ್ಲಿ ನಿಂತವಳಿಗೆ ಹೇಳಿದ. ಬೈಗುಳವನ್ನೂ ಸೇರಿಸಿಯೇ ಹೇಳಿದ. ಸಂಜೆಗೆ ಮಗು ಬಂತು. ತಾಯಿ ಹೇಗೋ ಉಳಿದಳು. ಸೂಲಗಿತ್ತಿಯ ಗಂಟಲು ಕಟ್ಟಿಹೋಯಿತು.

ಮರುದಿನ ಅಂಬಿಗ ಸೀರೆಯನ್ನು ಎಡಗೈಯಲ್ಲಿ ಹಿಡಿದು ಹಂದರದ ಮನೆಗೆ ಬಂದ. ಮಗಳ ಮುಂದೆ ಇಟ್ಟ.

ಹಂದರದಜ್ಜಿ ಸೀರೆಯನ್ನು ಮುಟ್ಟಿ ನೋಡಿದಳು. "ಜೀವ ಇದೆ ಇದರಲ್ಲಿ. ಒಳ್ಳೆ ಕೈ ಬರುತ್ತೆ. ಜರಿ ಅಂಚು ಕಿತ್ತು ಬೇರೆ ಇಡು ಮಗಳೇ. ಜರಿ ಕರಗಲ್ಲ."

"ಗೊತ್ತಜ್ಜಿ" ಎಂದಳು ಮಗಳು.

ಅವಳು ಅಂಚು ಕಿತ್ತಳು. ಹಸಿರು ರೇಷ್ಮೆಯನ್ನು ಬೂದಿನೀರಿಗೆ ಹಾಕಿದಳು. ಬಣ್ಣ ಮೊದಲು ಹೋಯಿತು. ಆಮೇಲೆ ನೂಲು ಹೋಯಿತು. ತಾಯಿಯ ಸೀರೆ ಗಡಿಗೆಯ ತಳದಲ್ಲಿ ಅಕ್ಕಿ ಗಂಜಿಯ ಹಾಗೆ ಆಯಿತು. ಅದನ್ನು ನೋಡುತ್ತ ಕೂತಿದ್ದಾಗ ಅವಳಿಗೆ ಒಂದು ಯೋಚನೆ ಬಂತು. ಸೀರೆಯದು ಒಂದೇ ಒಂದು ಎಳೆ ಉಳಿದರೂ ಅದು ಕಂಡದ್ದು ಉಳಿಯಬೇಕಲ್ಲ?

ಅವಳಿಗೆ ಅಮ್ಮನ ನೆನಪು ಹೆಚ್ಚು ಇರಲಿಲ್ಲ. ಇದ್ದದ್ದೆಲ್ಲ ಅಪ್ಪನದು.

ಅವಳು ಒರಳು ಒತ್ತಿದಳು. ಉದ್ದಕ್ಕೊಂದು ಪದರ, ಅಡ್ಡಕ್ಕೊಂದು ಪದರ. ಅಂಗೈ ಆಯಿತು. ಬೆರಳುಗಳಿಗೆ ಬಂದಾಗ ಒಂದೊಂದು ಬೆರಳಿನ ಒಳಗೂ ಒಂದೊಂದು ಜರಿ ಎಳೆ ಇಟ್ಟಳು. ಅದರ ಮೇಲೆ ಮತ್ತೆ ಪದರ ಹಾಕಿದಳು.

"ಜರಿ ತೆಗೆದೆಯಾ?" ಎಂದು ಒಳಗಿನಿಂದ ಅಜ್ಜಿ ಕೇಳಿದಳು.

"ತೆಗೆದೆ."

ಕೈ ಬೆಳೆಯಿತು. ಹಂದರದ ಮೇಲೆ ಮೊದಲು ಹಾಲಿನ ಕೆನೆಯಂಥ ಪೊರೆ ಬಂತು. ಪೊರೆ ಕೆಂಪಾಯಿತು. ಸಂದುಗಳಲ್ಲಿ ನೆತ್ತರು ದಾರಿ ಹುಡುಕಿಕೊಂಡಿತು. ಕೊನೆಗೆ ಉಗುರು ಬಂದವು, ಎಳೆ ಮಗುವಿನ ಉಗುರಿನ ಹಾಗೆ. ಊರೆಲ್ಲ ಬಂದು ನೋಡಿತು. ಜವಳಿ ಶೆಟ್ಟರೂ ಕಿವಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು ಬಂದರು.

"ಮಡಚು ನೋಡೋಣ" ಎಂದರು ಯಾರೋ.

ಅಂಬಿಗ ಮಡಚಲು ಹೋದ. ಬೆರಳುಗಳು ಬಾಚಣಿಗೆಯ ಹಲ್ಲಿನ ಹಾಗೆ ನೆಟ್ಟಗೆ ನಿಂತವು.

"ಹೊಸ ಕೈ. ಪಳಗಬೇಕು" ಎಂದ ಅವನು.

ಆ ದಿನಗಳನ್ನು ಮಗಳು ಆಮೇಲೂ ಬಹಳ ನೆನೆಯುತ್ತಿದ್ದಳು. ಕೈ ಪಳಗುವವರೆಗೆ ದೋಣಿ ಇಲ್ಲ, ಅಪ್ಪನಿಗೆ ಕೆಲಸವಿಲ್ಲ. ಇಬ್ಬರೂ ಬಿಸಿಲಿಗೆ ಜಗುಲಿಯ ಮೇಲೆ ಕೂರುತ್ತಿದ್ದರು. ಅವನು ನೆಟ್ಟಗಿನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೀರೆ ಕಂಡ ದಿನಗಳನ್ನು ಹೇಳುತ್ತಿದ್ದ. ಯಾವುದೂ ಮರೆತಿರಲಿಲ್ಲ. ಅದು ಯಾಕೆ ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಮದುವೆಗೆ ಹೆಣ್ಣಿನ ದಿಬ್ಬಣವನ್ನು ಆಚೆ ದಡದಿಂದ ಕರೆತರಲು ಬೇರೆ ಅಂಬಿಗ ಇರಲಿಲ್ಲವಂತೆ. ಬಾಸಿಂಗ ಕಟ್ಟಿಕೊಂಡೇ ಅವನು ಹುಟ್ಟು ಹಾಕಿದನಂತೆ. ನಡುಹೊಳೆಯಲ್ಲಿ ಮದುಮಗಳು ಮೊದಲ ಸಲ ಅವನ ಜೊತೆ ಮಾತಾಡಿದ್ದು: "ನಿಧಾನ. ಬೆವರಿದರೆ ಬಾಸಿಂಗ ನೆನೆಯುತ್ತೆ."

ಸೀರೆ ಗೂಟಕ್ಕೆ ಸಿಕ್ಕಿ ಹರಿದ ದಿನ ಹಸಿರು ನೂಲು ಇರಲಿಲ್ಲವಂತೆ. ಕರಿ ನೂಲಿನಲ್ಲೇ ಹೊಲಿದು, "ಇದು ಸೀರೆಗೆ ದೃಷ್ಟಿಬೊಟ್ಟು" ಎಂದಳಂತೆ.

"ಅಮ್ಮ ಹೀಗೆಲ್ಲ ತಮಾಷೆ ಮಾಡ್ತಿದ್ಲಾ?"

"ಮಾಡ್ತಿದ್ಲು. ಮುಖ ಮಾತ್ರ ಗಂಭೀರ. ನಾನು ಮನೆಗೆ ಬಂದಮೇಲೆ ನಗ್ತಿದ್ದೆ."

"ಅಷ್ಟು ತಡವಾಗಿಯಾ?"

"ನನಗೆ ಅರ್ಥ ಆಗೋದೇ ತಡ ಕಣಮ್ಮ."

ಚಳಿ ಕಳೆಯುವ ಹೊತ್ತಿಗೆ ಕೈ ಊದಿತು. ಬೆರಳುಗಳು ಬಿಗಿದು ಹೊಳೆಯತೊಡಗಿದವು. ಆಚೆ ದಡದಿಂದ ದಿನವೂ ಕೂಗು ಬರುತ್ತಿತ್ತು. ಶಾಲೆಯ ಮಕ್ಕಳು ಕೂಗುತ್ತಿದ್ದರು, ಹಾಲಿನವರು ಕೂಗುತ್ತಿದ್ದರು. ಗಂಟಲು ಸರಿಯಾದ ಮೇಲೆ ಸೂಲಗಿತ್ತಿಯೂ ಕೂಗುತ್ತಿದ್ದಳು.

ಮಗಳು ಅಪ್ಪನನ್ನು ಹಂದರದಜ್ಜಿಯ ಮುಂದೆ ಕೂರಿಸಿದಳು. ಅಜ್ಜಿ ಮಂಜುಗಣ್ಣು ಮುಚ್ಚಿ ಬೆರಳುಗಳನ್ನು ಒಂದೊಂದಾಗಿ ಹಿಸುಕಿ ನೋಡಿದಳು. ಹೆಬ್ಬೆರಳಿನ ಹತ್ತಿರ ಕೈ ನಿಲ್ಲಿಸಿದಳು.

"ಇದರೊಳಗೆ ಏನೋ ಕೂತಿದೆ. ಹೋಗಬೇಕಾದ್ದು ಹೋಗದೆ ಕೂತರೆ ಮಾಂಸ ಅದರ ಸುತ್ತ ಗೋಡೆ ಕಟ್ಟುತ್ತೆ. ಗೋಡೆ ಇರೋ ಬೆರಳು ಮಡಚಲ್ಲ." ಬೆರಳು ಬಿಟ್ಟು ಹೇಳಿದಳು: "ಹೀಗೇ ಬಿಟ್ಟರೆ ಕೈ ಕಪ್ಪಾಗುತ್ತೆ. ಆಮೇಲೆ ಮತ್ತೆ ಕಡಿಯಬೇಕು."

ಮಗಳು ತಲೆ ತಗ್ಗಿಸಿದಳು. "ಜರಿ ಅಪ್ಪಾ. ನಾನೇ ಇಟ್ಟೆ. ನಿನಗೆ ಅಮ್ಮ ಮರೆತುಹೋಗಬಾರದು ಅಂತ."

ಅಂಬಿಗ ಕೈಯನ್ನೇ ನೋಡುತ್ತಿದ್ದ. "ಗೊತ್ತಿತ್ತು" ಎಂದ. "ಮೊದಲ ದಿನವೇ ಚುಚ್ಚಿತು. ಹೇಳಿದರೆ ತೆಗೀತೀಯ ಅಂತ ಸುಮ್ಮನಿದ್ದೆ."

"ಅಪ್ಪ ಮಗಳು ಇಬ್ಬರೂ ಸೇರಿ ಒಂದು ಕೈ ಹಾಳು ಮಾಡಿದ್ದೀರಿ" ಎಂದಳು ಅಜ್ಜಿ. ಆದರೆ ದನಿಯಲ್ಲಿ ಕೋಪ ಇರಲಿಲ್ಲ. ತನ್ನ ಸೀರೆ ಸರಿಸಿ ಎಡ ಮೊಣಕಾಲು ತೋರಿಸಿದಳು. ಅಲ್ಲಿಂದ ಕೆಳಗಿನ ಚರ್ಮ ಮೇಲಿನದಕ್ಕಿಂತ ಎಳೆಯದಾಗಿತ್ತು. "ಇದು ಬೆಳೆಸಿದ ಕಾಲು. ಏನು ಬಟ್ಟೆ ಕೊಟ್ಟೆನೋ ನನಗೆ ಗೊತ್ತಿಲ್ಲ. ಏನು ಕಳೆದುಕೊಂಡೆ ಅಂತಲೂ ಗೊತ್ತಿಲ್ಲ. ನನ್ನ ಅಕ್ಕನಿಗೆ ಗೊತ್ತಿತ್ತು. ಆಮೇಲೆ ಕೇಳೋಣ, ಆಮೇಲೆ ಕೇಳೋಣ ಅಂತಿದ್ದೆ. ಅವಳು ಹೋಗಿಬಿಟ್ಟಳು." ಮೊಣಕಾಲು ಮುಚ್ಚಿದಳು. "ಕಾಲೇನೋ ನಡೀತಿದೆ. ನೀವು ಮೊದಲು ಹೇಳಿ ಕೇಳಿ ಮುಗಿಸಿಕೊಳ್ಳಿ. ಆಮೇಲೆ ಎಳಿ. ಇಟ್ಟವಳೇ ತೆಗೀಬೇಕು."

ಮರುದಿನ ಬೆಳಿಗ್ಗೆ ಅಂಬಿಗ ಹಂದರದ ಮನೆಯ ಜಗುಲಿಯಲ್ಲಿ ಹೇಳಲು ಕೂತ. ತಮ್ಮ ಮನೆಯ ಜಗುಲಿಯ ಮೇಲೆ ಬಿಡಿಬಿಡಿಯಾಗಿ ಹೇಳಿದಂತೆ ಅಲ್ಲ. ಮೊದಲಿನಿಂದ ಹೇಳಿದ, ಏನೂ ಬಿಡದೆ ಹೇಳಿದ. ಸೀರೆಯ ಯಾವ ಮಡಿಕೆಯಲ್ಲಿ ಅರಿಶಿನದ ಕಲೆ ಇತ್ತು, ಗಾಳಿ ಎತ್ತ ಕಡೆಯಿಂದ ಬೀಸುತ್ತಿತ್ತು, ಅವಳು ಯಾವ ಮಾತನ್ನು ಅರ್ಧಕ್ಕೆ ನಿಲ್ಲಿಸಿದಳು. ಮಗಳು ಕೇಳಿದಳು. ಗೊತ್ತಾಗದ ಕಡೆ ತಡೆದು ಕೇಳಿದಳು. ಬಿಸಿಲು ಜಗುಲಿಯಿಂದ ಇಳಿದು ಅಂಗಳಕ್ಕೆ ಹೋಗುವ ಹೊತ್ತಿಗೆ ಮುಗಿಯಿತು.

ಅಜ್ಜಿ ಅಂಬಿಗನ ಬೆರಳ ತುದಿಗಳಲ್ಲಿ ಸಣ್ಣಗೆ ಗೀರಿ ಮಗಳಿಗೆ ಚಿಮಟ ಕೊಟ್ಟಳು.

ಮಗಳು ಕಿರುಬೆರಳಿನಿಂದ ಶುರುಮಾಡಿದಳು. ಎಳೆ ನಿಧಾನ ಬಂತು, ಮಣ್ಣಿನಿಂದ ಎರೆಹುಳ ಬಂದ ಹಾಗೆ. ಬಿಸಿಲಿಗೆ ಒಮ್ಮೆ ಹೊಳೆಯಿತು.

"ಏನು ಹೋಯಿತಪ್ಪಾ?"

"ಏನೂ ಹೋಗಿಲ್ಲ ಅನ್ನಿಸ್ತಿದೆ. ಎಲ್ಲ ನೆನಪಿದೆ."

"ಕರಿ ನೂಲು?"

"ಯಾವ ಕರಿ ನೂಲು?"

ಮಗಳು ಎಳೆಯನ್ನು ತಟ್ಟೆಯಲ್ಲಿ ಇಟ್ಟಳು. ಅಪ್ಪ ಕಿರುಬೆರಳು ಮಡಚಿ ನೋಡಿದ. ಮಡಚಿತು. ಅವನ ಮುಖ ಅರಳಿತು.

ಮುಂದಿನ ಬೆರಳು. ಎಳೆ ಬಂತು. "ಬಾಸಿಂಗ ಕಟ್ಟಿಕೊಂಡು ಹುಟ್ಟು ಹಾಕಿದ್ದು?" "ಬಾಸಿಂಗ ಕಟ್ಟಿಕೊಂಡು ಯಾರಾದರೂ ಹುಟ್ಟು ಹಾಕ್ತಾರೇನಮ್ಮ?" ಎಂದು ಅವನು ನಕ್ಕ. ಅವನ ಮದುವೆ ಅವನಿಗೆ ಬೇರೆ ಯಾರದೋ ತಮಾಷೆಯ ಹಾಗೆ ಕೇಳಿಸಿತು.

ನಡುಬೆರಳು. ಎಳೆ ಬಂತು. ಮಗಳಿಗೆ ಹೆಸರಿಟ್ಟ ದಿನ ಹೋಯಿತು. ಹೆಸರು ಉಳಿಯಿತು.

ತೋರುಬೆರಳು. ಎಳೆ ಬಂತು. ಹೊಸ ದೋಣಿಗೆ ಪೂಜೆ ಮಾಡಿದ ದಿನ ಹೋಯಿತು. ದೋಣಿ ಉಳಿಯಿತು.

ಹೆಬ್ಬೆರಳು ಒಂದು ಬಾಕಿ. ಅದರೊಳಗೆ ಯಾವ ದಿನ ಇದೆ ಎಂದು ಇಬ್ಬರಿಗೂ ಗೊತ್ತಿತ್ತು, ಏಕೆಂದರೆ ಅವನು ಹೇಳಿದ ದಿನಗಳಲ್ಲಿ ಉಳಿದದ್ದು ಅದೊಂದೇ. ಒಂದು ಮಧ್ಯಾಹ್ನ, ಹಬ್ಬವಲ್ಲದ ದಿನ, ಅವಳು ಸುಮ್ಮನೆ ಆ ಸೀರೆ ಉಟ್ಟು ದೋಣಿಗೆ ಬಂದು ಕೂತಿದ್ದಳು. ಎಲ್ಲಿಗೆ ಎಂದು ಅವನು ಕೇಳಿದ. ಎಲ್ಲಿಗೂ ಇಲ್ಲ ಎಂದಳು. ನಡುಹೊಳೆಯವರೆಗೆ ಹೋಗಿ ತಿರುಗಿ ಬಂದರು. ದಡದಲ್ಲಿದ್ದವರಿಗೆ ಕಂಡದ್ದು ಅಷ್ಟೇ.

ಮಗಳು ಚಿಮಟ ಹಿಡಿದಳು. ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡ.

"ಇದೊಂದು ಇರಲಿ ಅನ್ನಿಸ್ತಿದೆ."

ಮಗಳು ಚಿಮಟ ಕೆಳಗಿಟ್ಟಳು. "ಇರಲಿ ಬಿಡಪ್ಪಾ."

ಹೆಬ್ಬೆರಳು ಮಡಚದಿದ್ದರೆ ನಾಲ್ಕು ಬೆರಳಿನಲ್ಲಿ ಹುಟ್ಟು ನಿಲ್ಲುವುದಿಲ್ಲ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ನಾಲ್ಕು ಬೆರಳು ಮಡಚಿದ, ಬಿಡಿಸಿದ, ಮಡಚಿದ. ಹೆಬ್ಬೆರಳು ಒಂದೇ ನೆಟ್ಟಗೆ ನಿಂತಿತ್ತು.

ಆಚೆ ದಡದಿಂದ ಕೂಗು ಬಂತು. "ಓ... ಅಂಬಿಗಾ!"

ಅವನು ಅತ್ತ ತಿರುಗಿದ. ಕೈ ಮುಂದೆ ಚಾಚಿದ.

"ಇನ್ನೊಂದ್ಸಲ ಹೇಳ್ತೀನಿ. ನಾನು ಹೇಳ್ತಿರೋವಾಗಲೇ ಎಳಿ. ನಿಲ್ಲಿಸಬೇಡ."

ಮಗಳು ಚಿಮಟ ಎತ್ತಿಕೊಂಡಳು.

"ಅವತ್ತು ಗಾಳಿ ಇರಲಿಲ್ಲ" ಎಂದು ಅವನು ಶುರುಮಾಡಿದ. "ಹೊಳೆ ಹಾಸಿದ ಬಟ್ಟೆ ಹಾಗಿತ್ತು. ನಾನು ದೋಣಿ ತೊಳೀತಿದ್ದೆ. ಗೆಜ್ಜೆ ಸದ್ದು ಕೇಳಿ ತಲೆ ಎತ್ತಿದೆ. ರೇಷ್ಮೆ ಉಟ್ಟು ನಿಂತಿದ್ಲು. ಇವತ್ತೇನೇ ವಿಶೇಷ ಅಂದೆ. ಏನಿಲ್ಲ, ಸುಮ್ಮನೆ ಅಂದ್ಲು. ನಡುಹೊಳೆಗೆ ಹೋದಮೇಲೆ ಹುಟ್ಟು ನಿಲ್ಲಿಸು ಅಂದ್ಲು. ನಿಲ್ಲಿಸಿದೆ. ದೋಣಿ ತಾನೇ ತೇಲ್ತಿತ್ತು. ಅವಳು ಬಗ್ಗಿ ನೀರಲ್ಲಿ ಕೈ ಆಡಿಸಿ, ನನ್ನ ಕಡೆ ತಿರುಗಿ..."

ಎಳೆ ಬಂತು.

"ತಿರುಗಿ?" ಎಂದಳು ಮಗಳು.

"ಯಾರು?" ಎಂದ ಅಪ್ಪ.

ಅವಳು ಆ ಎಳೆಯನ್ನೂ ತಟ್ಟೆಯಲ್ಲಿ ಇಟ್ಟಳು. ಅವನು ಅವಳ ಮುಖ ನೋಡಿದ.

"ಯಾಕಮ್ಮ ಅಳ್ತಿದೀಯಾ? ನೋವಾಗಿದ್ದು ನನಗೆ."

"ಏನಿಲ್ಲಪ್ಪಾ. ಸುಮ್ಮನೆ."

ಅವನು ಮುಷ್ಟಿ ಕಟ್ಟಿದ. ಐದೂ ಬೆರಳು ಮಡಚಿದವು. ಬಿಡಿಸಿದ. ಮತ್ತೆ ಕಟ್ಟಿದ. ಮಗುವಿನ ಹಾಗೆ ಅದನ್ನು ಅಜ್ಜಿಯ ಮುಂದೆ ಹಿಡಿದ. ಅಜ್ಜಿ ಎರಡೂ ಕೈಯಲ್ಲಿ ಆ ಮುಷ್ಟಿಯನ್ನು ಮುಚ್ಚಿ ಹಿಡಿದು, ಸ್ವಲ್ಪ ಹೊತ್ತಾದ ಮೇಲೆ ಬಿಟ್ಟಳು.

ಆಮೇಲಿನ ವರ್ಷಗಳಲ್ಲಿ ಮಗಳು ಅವನಿಗೆ ಆ ದಿನಗಳನ್ನು ಆಗಾಗ ಹೇಳುತ್ತಿದ್ದಳು. ಅವನು ಒಳ್ಳೆಯ ಕಥೆ ಕೇಳುವ ಹಾಗೆ ಕೇಳುತ್ತಿದ್ದ. ಆ ಹೆಂಗಸು ಬಹಳ ಚೆನ್ನಾಗಿ ಮಾತಾಡ್ತಿದ್ಲು ಎನ್ನುತ್ತಿದ್ದ. ಅವನಿಗೆ ಉಳಿದಿದ್ದ ಹೆಂಡತಿ ಕೆಟ್ಟ ದಿನಗಳವಳು; ಕಥೆಯವಳು ಅವಳೇ ಎಂದು ಅವನಿಗೆ ಅನ್ನಿಸುತ್ತಿರಲಿಲ್ಲ. ನಗುವ ಜಾಗದಲ್ಲಿ ಕೂಡಲೇ ನಗುತ್ತಿದ್ದ, ತಡವಿಲ್ಲದೆ. ದೋಣಿ ನಿಂತು, ಜರಿಯೂ ಎಲ್ಲೋ ಕಳೆದು, ಸೇತುವೆ ಬಂದು, ಹಂದರದ ಮನೆಯನ್ನು ಕೆಡವಿದ ಮೇಲೆ ಆ ದಿನಗಳನ್ನು ಕಂಡದ್ದು ಎಂದು ಲೋಕದಲ್ಲಿ ಏನೂ ಉಳಿಯಲಿಲ್ಲ. ಕೇಳಿದವಳು ಒಬ್ಬಳು ಉಳಿದಳು. ಅವಳು ತನ್ನ ಮಕ್ಕಳಿಗೆ ಹೇಳಿದಳು. ಅವರು ನಮಗೆ ಹೇಳಿದರು. ಅವಳು ಆ ಬೆಳಿಗ್ಗೆಯೇ ಕೇಳಿದ್ದ, ನೀರಲ್ಲಿ ಕೈ ಆಡಿಸಿ ತಿರುಗಿದ ಮೇಲೆ ಏನು ನಡೆಯಿತು ಎನ್ನುವುದನ್ನೂ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಜರಿ ತೆಗೆದ ಆ ಮಧ್ಯಾಹ್ನ ಅಂಬಿಗ ದಡಕ್ಕೆ ಇಳಿದು ಹಗ್ಗ ಬಿಚ್ಚಿದ. ಎರಡೂ ಕೈಯಲ್ಲಿ ಹುಟ್ಟು ಹಿಡಿದ. ಆಚೆ ದಡದಲ್ಲಿ ಸೂಲಗಿತ್ತಿ ಮೊದಲು ಹತ್ತಿದಳು, ಬೈಯುತ್ತಲೇ. ಹಾಲಿನವರು ಹತ್ತಿದರು. ಮಕ್ಕಳು ಹತ್ತಿದರು. ಕತ್ತಲಾಗುವ ಮೊದಲು ಹೊಳೆ ದಾಟಿದವರು ನಲವತ್ತೊಂದು ಮಂದಿ.